ಹೋರ್ಡಿಂಗಿನ ಆಚೆ ಬದಿ

ಪ್ರವಾಸದ ವಿಡಿಯೊ, ಫೋಟೊಗಳ ಕೆಲಸಕ್ಕೆಂದು ನೈರೋಬಿಗೆ ಬಂದಿಳಿಯುವ ನಮ್ಮ ಕಡೆಯ ಹುಡುಗ ಹುಡುಗಿಯರು ಯಾರಿಂದಲೋ ವಿಳಾಸ ತಿಳಿದು ಲೊರೆಶೋ ಬಡಾವಣೆಯ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ. ಯಾವ ಕ್ಯಾಮೆರಾ ಕೊಳ್ಳಬೇಕು, ಡ್ರೋನ್ ಹಾರಿಸಲು ಅನುಮತಿ ಎಲ್ಲಿ ಸಿಗುತ್ತದೆ, ಆನೆ ಎಷ್ಟು ಹತ್ತಿರ ಬಂದರೆ ಗಾಡಿ ಹಿಂದೆ ತೆಗೆಯಬೇಕು ಎಂದು ಕೇಳುತ್ತಾರೆ. ಚಿತ್ರದೊಳಗೆ ಯಾರನ್ನು ನಿಲ್ಲಿಸಬೇಕು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಅದು ಮೊದಲೇ ತೀರ್ಮಾನವಾದ ವಿಷಯ ಎಂದುಕೊಂಡಿರುತ್ತಾರೆ. ನಾನು ಕೆಲಸಕ್ಕೆ ಸೇರಿದಾಗಲೂ ಅದು ತೀರ್ಮಾನವಾಗಿಯೇ ಇತ್ತು. ಕ್ಯಾಮೆರಾ ವಿಷಯ ನನಗಿಂತ ಬಲ್ಲವರು ಹೇಳುತ್ತಾರೆ. ನಾನು ಈ ಇನ್ನೊಂದನ್ನು ಬರೆದಿಡುತ್ತೇನೆ.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ, ಒಂದು ವಿಮಾನ ಕಂಪನಿಯ ಗ್ರೌಂಡ್ ಸ್ಟಾಫ್ ಆಗಿ. ಸೀರೆಯ ನೆರಿಗೆಗೂ ನಿಯಮ, ನಗುವಿಗೂ ನಿಯಮ. ಗೇಟು ಮುಚ್ಚಿದ ಮೇಲೆ ಓಡಿ ಬಂದವನು ಮಂತ್ರಿಯ ಮಗನಾದರೂ ಗಾಜಿನ ಆಚೆಯೇ. ಗಂಡನನ್ನು ಬ್ಯಾಂಕಿನವರು ನೈರೋಬಿಗೆ ವರ್ಗ ಮಾಡಿದಾಗ ನಾನು ರಾಜೀನಾಮೆ ಕೊಟ್ಟು ಜೊತೆಗೆ ಬಂದೆ. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಮೊದಲ ವರ್ಷ ಮನೆಯ ಡಬ್ಬಗಳನ್ನೆಲ್ಲ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದೆ; ಮಗಳು "ಅಮ್ಮಾ, ಪ್ಲೀಸ್ ಗೆಟ್ ಎ ಜಾಬ್" ಅಂದಳು.

ಕೆಲಸ ಸಿಕ್ಕಿದ್ದು ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ. ಹಾಲ್‌ನಲ್ಲಿ ನೂಕುನುಗ್ಗಲು, ಪಾಯಸದ ಪಾತ್ರೆಯ ಹತ್ತಿರ ಜಗಳ. ನಾನು ಎದ್ದು ಮಕ್ಕಳ ಸಾಲು, ಹಿರಿಯರ ಸಾಲು, ಉಳಿದವರ ಸಾಲು ಎಂದು ನಿಲ್ಲಿಸಿ, ಯಾರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಕೈ ತೋರಿಸಿದೆ. ಎಲ್ಲ ಮುಗಿದ ಮೇಲೆ ನಲವತ್ತರ ಆಸುಪಾಸಿನ ಒಬ್ಬ ಎಲೆಯಡಿಕೆ ಜಗಿಯುತ್ತ ಬಂದ.

"ಮೇಡಂ, ನಮ್ ಜನಾನೇ ಹಿಂಗ್ ನಿಲ್ಲಿಸ್ಬಿಟ್ರಿ ಅಂದ್ರೆ ಜಿರಾಫೆ ಏನ್ ಮಹಾ! ಸೋಮವಾರದಿಂದ ನಮ್ ಆಫೀಸಿಗೆ ಬನ್ನಿ."

ಅವನೇ ಕಿರಣ್. ಬಸವನಗುಡಿಯವನು. ರಿವರ್‌ಸೈಡ್‌ನಲ್ಲಿ ಅವನದೊಂದು ಜಾಹೀರಾತು ಸಂಸ್ಥೆ. ಕೀನ್ಯಾದ ಲಾಡ್ಜುಗಳಿಗೂ ಸಫಾರಿ ಕ್ಯಾಂಪುಗಳಿಗೂ ಪ್ರಚಾರ ಮಾಡಿಕೊಡುವುದು ವ್ಯವಹಾರ. ನನ್ನದು ನಿರ್ವಹಣೆ: ಯಾರು, ಯಾವಾಗ, ಯಾವ ಗಾಡಿಯಲ್ಲಿ, ಎಲ್ಲಿಗೆ. ನಿವೃತ್ತಿಯಾಗುವವರೆಗೂ ಅದನ್ನೇ ಮಾಡಿದೆ.

ನಾನು ಸೇರಿದ ಹೊತ್ತಿಗೆ ಕೆಲಸದ ರೀತಿಯೇ ಬದಲಾಗುತ್ತಿತ್ತು. ಮೊದಲೆಲ್ಲ ಲಾಡ್ಜಿನವರು ಬಣ್ಣದ ಪುಸ್ತಿಕೆ ಅಚ್ಚು ಹಾಕಿಸುತ್ತಿದ್ದರು. ಈಗ ಯುರೋಪಿನಿಂದಲೋ ಅಮೆರಿಕದಿಂದಲೋ ಒಬ್ಬಳು ಟ್ರಾವೆಲ್ ಬ್ಲಾಗರ್ ಬರುತ್ತಾಳೆ. ಅವಳ ವಿಮಾನ, ಊಟ, ಟೆಂಟು ಎಲ್ಲ ಲಾಡ್ಜಿನ ಖರ್ಚು. ಅವಳು ಊರೂರು ನಿಂತು ಫೋಟೊ ತೆಗೆಸಿಕೊಂಡು ತನ್ನ ಹಿಂಬಾಲಕರಿಗೆ ತೋರಿಸುತ್ತಾಳೆ. ಒಳ್ಳೆಯ ಚಿತ್ರಗಳನ್ನು ನಾವು ಆಫೀಸಿನ ಗೋಡೆಗೆ ಹಾಕುತ್ತಿದ್ದೆವು. ನಾನು ಪ್ರತಿದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವಳು, ಗೋಡೆಯನ್ನು ನೋಡಲು ಸಮಯವಿತ್ತು. ಕಪ್ಪು ಮುಖಗಳು ಆ ಗೋಡೆಯ ಮೇಲೆ ಇಲ್ಲದೆ ಇರಲಿಲ್ಲ. ಒಬ್ಬ ಟ್ರೇ ಹಿಡಿದಿದ್ದ, ಒಬ್ಬ ಭರ್ಜಿ ಹಿಡಿದಿದ್ದ, ಒಬ್ಬ ಸ್ಟಿಯರಿಂಗ್ ಹಿಡಿದಿದ್ದ. ಕೈ ಖಾಲಿ ಇದ್ದವರು, ಸುಮ್ಮನೆ ನಿಂತು ದೂರ ನೋಡುತ್ತಿದ್ದವರು, ಎಲ್ಲರೂ ಬಿಳಿಯರು. ಪ್ರವಾಸಿ ಎಂದರೆ ಕೈ ಖಾಲಿ ಇರುವ ಮನುಷ್ಯ. ಆ ಗೋಡೆಯಿಂದ ನಾನು ಕಲಿತ ಪಾಠ ಅಷ್ಟು.

ಹಾಗೆಂದು ಇದು ಬರೀ ಬಿಳಿಯರ ಕೆಲಸ ಎಂದುಕೊಳ್ಳಬೇಡಿ. ಒಮ್ಮೆ ನಮ್ಮ ದೇಶದ್ದೇ ಒಂದು ಪ್ರವಾಸ ಕಂಪನಿಯವರು ಮಧುಚಂದ್ರದ ಜಾಹೀರಾತು ಮಾಡಿಸಿದರು. ಮಾರ್ಗದರ್ಶಿಯೊಬ್ಬ ಹಿನ್ನೆಲೆಯಲ್ಲಿ ಬಂದಿದ್ದ ಚಿತ್ರಗಳನ್ನೆಲ್ಲ ವಾಪಸು ಕಳಿಸಿದರು. "ನಮ್ ಜನ ಹೆದರ್ಕೋತಾರೆ" ಎಂಬುದು ಅವರ ವಿವರಣೆ. ನಾನು ಕಿರಣನ ಕೋಣೆಗೆ ಹೋಗಿ ಇದೇನು ಎಂದು ಕೇಳಿದೆ.

"ಮೇಡಂ, ನನ್ನ ಬಣ್ಣ ನೋಡಿ," ಅಂದ ಅವನು, ತೋಳು ಮುಂದೆ ಚಾಚಿ. "ನಮ್ಮಮ್ಮ ನಂಗೆ ಹೆಣ್ ಹುಡುಕೋವಾಗ ಫೋಟೊಗೆ ಪೌಡರ್ ಹೊಡ್ಸಿ ಕಳಿಸ್ತಿದ್ರು. ಮೊದಲನೇ ಕ್ಲೈಂಟ್ ಮೀಟಿಂಗಲ್ಲಿ ನನ್ನನ್ನ ಪ್ರೊಜೆಕ್ಟರ್ ರಿಪೇರಿ ಮಾಡೋಕ್ ಬಂದೋನು ಅಂದ್ಕೊಂಡ್ರು. ನಂಗೇನ್ ಗೊತ್ತಿಲ್ವಾ? ಗೊತ್ತಿರೋದಕ್ಕೇ ಹೇಳ್ತಿರೋದು. ಗೋಡೆಗೆ ತಲೆ ಚಚ್ಕೋಬೇಡಿ, ಗೋಡೆಗೆ ಏನೂ ಆಗಲ್ಲ."

ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ಮರೆತುಹೋಗುತ್ತದೆ.

ಮುಥೋನಿ ನಮ್ಮಲ್ಲಿಗೆ ಬಂದದ್ದು ಆ ವರ್ಷವೇ. ನೈರೋಬಿಯಲ್ಲೇ ಹುಟ್ಟಿ, ವಿಶ್ವವಿದ್ಯಾಲಯ ಮುಗಿಸಿ, ಯಾವ ಕೆಲಸಕ್ಕೂ ಸೇರದೆ ಮಟಾಟು ಎಂಬ ಬಾಡಿಗೆ ವ್ಯಾನು, ಬಸ್ಸು, ಲಾರಿ ಹತ್ತಿ ದೇಶವೆಲ್ಲ ತಿರುಗಿ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದ ಹುಡುಗಿ. ಅವಳ ಚಾನೆಲ್ ನೋಡಿದ್ದೇನೆ. ಮರಳುಗಾಡಿನ ಒಂದು ಊರಿನಲ್ಲಿ ನೀರಿಗೆ ಬಂದ ಒಂಟೆಗಳ ನಡುವೆ ನಿಂತು, ಆ ಊರಿನ ಮುದುಕಿಯೊಬ್ಬಳಿಂದ ಬೈಸಿಕೊಳ್ಳುತ್ತ ನಗುವ ವಿಡಿಯೊ ಒಂದಿದೆ. ನಮ್ಮ ಬ್ಲಾಗರ್‌ಗಳು ಯಾರೂ ಅಂಥದ್ದನ್ನು ಮಾಡಿರಲಿಲ್ಲ. ನನ್ನನ್ನೂ ಒಂದು ಪ್ರವಾಸಕ್ಕೆ ಕಳಿಸಿ, ನಾನು ತೋರಿಸುತ್ತೇನೆ ಎಂದು ಕೇಳಲು ಬಂದಿದ್ದಳು. ಕಿರಣ್ ಅವಳನ್ನು ಸ್ಥಳೀಯ ಸಹಾಯಕಿ ಎಂದು ತೆಗೆದುಕೊಂಡ. ಕೈಗೆ ವಾಕಿಟಾಕಿ ಕೊಟ್ಟ.

ಮೊದಲ ದಿನವೇ ನನ್ನನ್ನು "ಮಾಮಾ" ಎಂದು ಕರೆದಳು. ಇಲ್ಲಿ ತಾಯಿಯ ವಯಸ್ಸಿನವರನ್ನೆಲ್ಲ ಹಾಗೆಯೇ ಕರೆಯುವುದು. ನಮ್ಮ ಮನೆಯಲ್ಲಿ ಮಾಮ ಎಂದರೆ ಮೀಸೆ ಇರುವ ಸೋದರಮಾವ ಎಂದು ಹೇಳಿದೆ. ಆಮೇಲಿಂದ ನಾನು ಗದರಿದಾಗಲೆಲ್ಲ ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ತಿರುವುತ್ತಿದ್ದಳು. ಅವಳ ಮಾತೆಲ್ಲ ಇಂಗ್ಲಿಷ್ ಮತ್ತು ಸ್ವಾಹಿಲಿ. ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವಳ ತಾಯಿಯನ್ನೂ ಇಲ್ಲೇ ಪರಿಚಯಿಸಬೇಕು. ನೈರೋಬಿಯ ಅಂಚಿನ ಕಾಂಗೆಮಿ ಎಂಬ ಬಡವರ ಬಡಾವಣೆಯಲ್ಲಿ ಮನೆ. ನೈವಾಶಾ ಸರೋವರದ ಪಕ್ಕದ ಒಂದು ಲಾಡ್ಜಿನ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದೇ ಮಗಳನ್ನು ಓದಿಸಿದವರು. ಟವೆಲ್ ಮಡಿಸಿ ಹಂಸ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಮುಥೋನಿ ಹೇಳುತ್ತಿದ್ದಳು. ಒಮ್ಮೆ ಅವಳನ್ನು ಮನೆಗೆ ಬಿಡಲು ಹೋದಾಗ ಒಳಗೆ ಕರೆದು ಹಾಲು ಹಾಕಿದ ಗಟ್ಟಿ ಚಹಾ ಕೊಟ್ಟರು. ನಿವೃತ್ತರಾಗಿದ್ದರೂ ಬೆನ್ನು ನೆಟ್ಟಗೆ ಇಟ್ಟು ಕೂರುವ ಹೆಂಗಸು. ನನಗೆ ತಕ್ಷಣ ಹಿಡಿಸಿದರು.

"ಲಾಡ್ಜಿಗೆ ನಮ್ಮವರು ಹೋಗೋದು ಹಿಂದಿನ ಬಾಗಿಲಿಂದ," ಅಂದರು ನನಗೆ. "ಹಾಸಿಗೆ ಹಾಸೋಕೆ. ಇವಳು ಮುಂದಿನ ಬಾಗಿಲಿಂದ ಹೋಗಿ ಆ ಹಾಸಿಗೆ ಮೇಲೆ ಮಲಗ್ತೀನಿ ಅಂತಾಳೆ. ಅದಕ್ಕೆ ಅವರೇ ಸಂಬಳ ಕೊಡ್ತಾರಂತೆ! ನೀವು ದೊಡ್ಡೋರು, ಹೇಳಿ, ಇದು ಕೆಲಸಾನಾ?"

"ಕೆಲಸವೇ," ಅಂದೆ.

"ಚರ್ಚಿನ ಹಿರಿಯರು ಇವಳಿಗೆ ಬ್ಯಾಂಕಿನಲ್ಲಿ ಜಾಗ ಹೇಳಿಟ್ಟಿದ್ದಾರೆ. ಕ್ರಿಸ್‌ಮಸ್ ಕಳೆದ ಮೇಲೆ ಸೇರಬೇಕು."

"ಅಷ್ಟರೊಳಗೆ ನನ್ನ ಮುಖ ಬೋರ್ಡ್ ಮೇಲೆ ಬಂದರೆ?" ಅಂದಳು ಮುಥೋನಿ, ಬಾಗಿಲಿಗೆ ಒರಗಿ.

"ಯಾವ ಬೋರ್ಡು?"

"ರಸ್ತೆ ಬದಿ ಬೋರ್ಡು. ದೊಡ್ಡದು. ಲಾಡ್ಜಿನ ಅತಿಥಿ ಅಂತ."

ತಾಯಿ ಮಗಳನ್ನು ಮೇಲಿನಿಂದ ಕೆಳಗೆ ನೋಡಿದರು. "ನಿನ್ನ ಮುಖ ಅಲ್ಲಿ ನೋಡಿದ ದಿನ ಬ್ಯಾಂಕಿನವರಿಗೆ ನಾನೇ ಬೇಡ ಅಂತ ಹೇಳಿ ಬರ್ತೀನಿ. ಹೋಗು."

ತಮಾಷೆಗೆ ಹೇಳಿದ ಹಾಗೆ ಕೇಳಿಸಿತು. ಇಬ್ಬರಿಗೂ ಅದು ತಮಾಷೆಯಾಗಿರಲಿಲ್ಲ.

ಈಗ ಟೆಸ್ಟ್ ಫ್ರೇಮ್ ಎಂದರೇನು ಎಂದು ಹೇಳಬೇಕು. ಬ್ಲಾಗರ್ ಸಿದ್ಧಳಾಗಿ ಬರುವ ಮೊದಲು ಫೋಟೊಗ್ರಾಫರ್ ಜಾಗ ನೋಡುತ್ತಾನೆ, ಬೆಳಕು ನೋಡುತ್ತಾನೆ. ಖಾಲಿ ಜಾಗದಲ್ಲಿ ಬೆಳಕು ತಿಳಿಯುವುದಿಲ್ಲ, ಯಾರಾದರೂ ನಿಲ್ಲಬೇಕು. ನಮ್ಮಲ್ಲಿ ನಿಲ್ಲುತ್ತಿದ್ದವಳು ಮುಥೋನಿ. ಬ್ಲಾಗರ್ ಹಾಕಿಕೊಳ್ಳಲಿರುವ ಟೋಪಿಯನ್ನೇ ಹಾಕಿಕೊಂಡು, ಅವಳು ನಿಲ್ಲಲಿರುವ ಕಲ್ಲಿನ ಮೇಲೇ ನಿಂತು, ಅವಳು ನೋಡಲಿರುವ ಕಡೆಗೇ ನೋಡುತ್ತಿದ್ದಳು. ಫೋಟೊಗ್ರಾಫರ್ ಒಟಿಯೆನೊ ಎಂಬ ಲುವೊ ಜನಾಂಗದ ಯುವಕ, ಮಾತಿಗೆ ಮುಂಚೆ ನಗುವವನು. ಅವನು "ಸವಾ", ಸರಿ, ಎಂದ ತಕ್ಷಣ ಮುಥೋನಿ ಟೋಪಿ ತೆಗೆದು ಕೆಳಗಿಳಿಯುತ್ತಿದ್ದಳು, ಬ್ಲಾಗರ್ ಮೇಲೆ ಹತ್ತುತ್ತಿದ್ದಳು. ಟೆಸ್ಟ್ ಫ್ರೇಮುಗಳನ್ನು ದಿನದ ಕೊನೆಗೆ ಅಳಿಸಿಹಾಕುವುದು ಪದ್ಧತಿ.

ಆ ವರ್ಷದ ದೊಡ್ಡ ಪ್ರವಾಸ ರಿಫ್ಟ್ ಕಣಿವೆಯದು. ಬಂದವಳು ಯುರೋಪಿನ ಎಲಿಸ್. ಒಳ್ಳೆಯ ಹುಡುಗಿ, ಹೇಳಿದ ಹೊತ್ತಿಗೆ ಸಿದ್ಧಳಾಗಿರುತ್ತಿದ್ದಳು, ನನಗೆ ಅಷ್ಟು ಸಾಕು. ಮೊದಲ ದಿನ ಲಾಡ್ಜಿನ ಮ್ಯಾನೇಜರ್ ಕೀಲಿಕೈ ಹಂಚಿದ. ಎಲಿಸ್‌ಗೆ ಕಣಿವೆ ಕಾಣುವ ಟೆಂಟು, ನನಗೆ ಅದರ ಪಕ್ಕದ್ದು. ಮುಥೋನಿಗೆ ಡ್ರೈವರ್‌ಗಳ ವಸತಿಯದು; ಪ್ರತಿ ಲಾಡ್ಜಿನ ಹಿಂದೆಯೂ ಜನರೇಟರ್ ಪಕ್ಕ ಅಂಥದ್ದೊಂದು ಸಾಲುಮನೆ ಇರುತ್ತದೆ. ಅವಳು ನಮ್ಮ ತಂಡದವಳು ಎಂದೆ. "ಗೊತ್ತು ಮೇಡಂ, ಅದಕ್ಕೇ ಅಲ್ಲಿ ಕೊಟ್ಟಿದ್ದು," ಅಂದ ಮ್ಯಾನೇಜರ್. ಅವನೂ ಕೀನ್ಯಾದವನೇ. ಕೀಲಿ ವಾಪಸು ಕೊಟ್ಟು, ನನ್ನ ಟೆಂಟಿಗೆ ಇನ್ನೊಂದು ಮಂಚ ಹಾಕಿಸಿದೆ. ಮುಥೋನಿ ಒಳಗೆ ಬಂದು ಮೊದಲು ನೋಡಿದ್ದು ಹಾಸಿಗೆಯ ಮೇಲಿನ ಟವೆಲ್ ಹಂಸವನ್ನು. ಕತ್ತು ಹಿಡಿದು ಎತ್ತಿದಳು. "ಇದು ಬಾತುಕೋಳಿ. ಅಮ್ಮ ನೋಡಿದ್ದರೆ ಬಿಚ್ಚಿ ಮತ್ತೆ ಮಾಡುತ್ತಿದ್ದಳು," ಅಂದಳು.

ಮರುದಿನ ಬೆಳಗಿನ ಜಾವ ಕಣಿವೆಯ ಅಂಚಿನಲ್ಲಿ ಚಳಿ. ಮುಥೋನಿ ಅಗಲ ಟೋಪಿಯೊಳಗೆ ಜಡೆಗಳನ್ನು ತುಂಬಿ, ಮಾಸಾಯಿಗಳ ಕೆಂಪು ಕಂಬಳಿಯನ್ನು ಕೈಮುಚ್ಚುವಂತೆ ಸುತ್ತಿಕೊಂಡು ಬಂಡೆಯ ಮೇಲೆ ನಮಗೆ ಬೆನ್ನು ಮಾಡಿ ನಿಂತಳು. ಈ ಕೆಲಸದಲ್ಲಿ ಅದು ಮಾಮೂಲಿ ಭಂಗಿ: ಟೋಪಿಯ ಹುಡುಗಿ ಬೆನ್ನು ತಿರುಗಿಸಿ ದೂರದ ದೃಶ್ಯ ನೋಡುವುದು. ಸೂರ್ಯ ಎದ್ದ. ಒಟಿಯೆನೊ ಒಂದೇ ಸಮನೆ ಕ್ಲಿಕ್ಕಿಸಿದ. ಎಲಿಸ್‌ಳನ್ನು ಕರೆತರಲು ಹೋದ ಸಹಾಯಕರು ಅವಳಿಲ್ಲದೆ ವಾಪಸು ಬಂದರು. ಅವಳಿಗೆ ಮೈ ಸುಡುವ ಜ್ವರ. ಮಧ್ಯಾಹ್ನದೊಳಗೆ ಅವಳನ್ನು ನೈರೋಬಿಯ ಆಸ್ಪತ್ರೆಗೆ ಸೇರಿಸಿದೆವು. ವಾರದ ಕೊನೆಗೆ ಅವಳ ತಂದೆ ಬಂದು ಊರಿಗೆ ಕರೆದೊಯ್ದರು.

ಕಿರಣ್ ಆಫೀಸಿನಲ್ಲಿ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಲಾಡ್ಜಿನವರಿಗೆ ಚಿತ್ರ ಕೊಡಬೇಕು, ಎಲಿಸ್ ಮೊದಲ ದಿನ ನಗುತ್ತ ತೆಗೆಸಿಕೊಂಡ ಕೆಲವು ಮಾತ್ರ ಇವೆ. ಒಟಿಯೆನೊ ಇನ್ನೂ ಅಳಿಸದೆ ಇದ್ದ ಟೆಸ್ಟ್ ಫ್ರೇಮುಗಳು ಪರದೆಯ ಮೇಲೆ ಸರಿಯುತ್ತಿದ್ದವು. ಕೆಂಪು ಕಂಬಳಿಯ ಚಿತ್ರ ಬಂದಾಗ ಕಿರಣ್ ಕುರ್ಚಿಯಿಂದ ಅರ್ಧ ಎದ್ದ.

"ಇದು ಯಾವಾಗ ತೆಗೆದಿದ್ದು? ಎಲಿಸ್ ಎದ್ದು ಬಂದಿದ್ಳಾ?"

"ಅದು ನಾನು," ಅಂದಳು ಮುಥೋನಿ.

ಒಟಿಯೆನೊ ಚಿತ್ರವನ್ನು ದೊಡ್ಡದು ಮಾಡಿದ. ಕೈ ಇಲ್ಲ, ಕತ್ತು ಇಲ್ಲ, ಕೂದಲಿಲ್ಲ. ಟೋಪಿ, ಕಂಬಳಿ, ಆಚೆ ಚಿನ್ನದ ಹಾಗೆ ಬಿಸಿಲು ಬಿದ್ದ ಕಣಿವೆ. ಕಿರಣನ ತಲೆಯೊಳಗೆ ಏನು ನಡೆಯುತ್ತಿದೆ ಎಂದು ನನಗೆ ಕಂಡಿತು. ಅವನು ಬಾಯಿ ತೆರೆಯುವ ಮೊದಲೇ "ಬೇಡ ಕಿರಣ್" ಅಂದೆ. ಅವನು ಕೇಳಲಿಲ್ಲ. ಉಳಿದ ಜಾಗಗಳಲ್ಲೂ ಎಲಿಸ್ ಬದಲಿಗೆ ಹೀಗೇ ನಿಲ್ಲಬೇಕು ಎಂದು ಮುಥೋನಿಯನ್ನು ಕೇಳಿದ. ಫೋನ್ ಮಾಡಿ ಕೇಳಿದಾಗ ಎಲಿಸ್ ಆಸ್ಪತ್ರೆಯಿಂದಲೇ ಒಪ್ಪಿಗೆ ಕೊಟ್ಟಳು. ಈ ಕೆಲಸದಲ್ಲಿ ಎಲ್ಲರೂ ಮಾಡುತ್ತಾರಲ್ಲ ಎಂದಳಂತೆ, ಸುಳ್ಳೂ ಅಲ್ಲ.

ಮುಥೋನಿ ಪರದೆಯ ಮೇಲಿನ ತನ್ನ ಬೆನ್ನನ್ನೇ ನೋಡುತ್ತಿದ್ದಳು. "ನನ್ನ ಬೆನ್ನು ನಿಮಗೆ. ನನ್ನ ಮುಖಕ್ಕೆ ಏನು?"

"ಮುಂದಿನ ಪ್ರವಾಸ ಲಾಮು ದ್ವೀಪ. ಅದೇ ಲಾಡ್ಜಿನವರದು. ಅದು ನಿನ್ನದು. ನಿನ್ನ ಹೆಸರು, ನಿನ್ನ ಮುಖ, ಬೋರ್ಡ್ ಮೇಲೆ."

"ಮುಖ ಅಂದರು. ಮಾಮಾ, ಕೇಳಿಸಿಕೊಂಡಿರಾ?"

"ಕೇಳಿಸಿಕೊಂಡೆ," ಅಂದೆ.

ಎರಡು ತಿಂಗಳಲ್ಲಿ ಆ ಬೋರ್ಡು ವೈಯಾಕಿ ರಸ್ತೆಯ ಮೇಲೆ ಎದ್ದಿತು. ಒಂದು ಮೂಲೆಯಲ್ಲಿ ಎಲಿಸ್ ನಗುವ ಮುಖ, ನಡುವೆ ದೊಡ್ಡದಾಗಿ ಕೆಂಪು ಕಂಬಳಿ, ಕೆಳಗೆ 'ಎಲಿಸ್ ಜೊತೆ ಕಣಿವೆಗೆ ಬನ್ನಿ'. ಲಾಡ್ಜಿನವರಿಗೆ ಬಹಳ ಮೆಚ್ಚಿಗೆಯಾಯಿತು. ಮುಥೋನಿ ತಾಯಿಯ ಜೊತೆ ಮಟಾಟುವಿನಲ್ಲಿ ಹೋಗುವಾಗ ಅದನ್ನು ತೋರಿಸಿ, ಯಾರು ಹೇಳು ಎಂದಳಂತೆ.

"ಏನಂದರು?" ಎಂದು ಕೇಳಿದೆ.

"'ಯಾರೋ ಬಿಳಿ ಹುಡುಗಿ. ಅವಳಿಗೆ ಹೇಳು, ಕಂಬಳಿ ಉಲ್ಟಾ ಸುತ್ತಿದ್ದಾಳೆ' ಅಂದಳು." ಮುಥೋನಿ ನಗುತ್ತ ಹೇಳಿದಳು.

ಲಾಮು ಪ್ರವಾಸದ ಮಾತನ್ನು ಕಿರಣ್ ಉಳಿಸಿಕೊಂಡ. ಅದನ್ನೂ ಬರೆಯಬೇಕು. ಮೂರು ಸಲ ಲಾಡ್ಜಿನವರು ಬೇರೆ ಹೆಸರು ಸೂಚಿಸಿದರು, ಮೂರು ಸಲವೂ ಅವನು ಮುಥೋನಿ ಎಂದೇ ಹೇಳಿದ. ಹೊರಡುವ ದಿನ ಅವಳ ಕೈಯಿಂದ ವಾಕಿಟಾಕಿ ನಾನೇ ತೆಗೆದುಕೊಂಡೆ. ವಿಮಾನದಲ್ಲಿ ಕಿಟಕಿಯ ಸೀಟು ಕೊಡಿಸಿದೆ.

ದ್ವೀಪದಲ್ಲಿ ಗಾಡಿಗಳಿಲ್ಲ, ಲಾಡ್ಜಿನ ದೋಣಿ ಬಂದಿತ್ತು. ದೋಣಿಯವನು ನನ್ನ ಚೀಲ ಎತ್ತಿಟ್ಟ, ನನಗೆ ಕೈ ಕೊಟ್ಟು ಹತ್ತಿಸಿದ, ಮುಥೋನಿಯ ಕೈಗೆ ಕ್ಯಾಮೆರಾ ಪೆಟ್ಟಿಗೆ ಕೊಟ್ಟ. ಆಮೇಲೆ ದಕ್ಕೆಯ ಉದ್ದಕ್ಕೂ ಕಣ್ಣು ಹಾಯಿಸಿ, "ಮ್ಗೆನಿ ಯುಕೊ ವಾಪಿ?" ಎಂದು ಕೇಳಿದ. ಅತಿಥಿ ಎಲ್ಲಿ ಎಂದು.

"ನಿ ಮಿಮಿ," ಅಂದಳು ಮುಥೋನಿ. ನಾನೇ.

ಅವನು ನಕ್ಕ. ಅವಳು ನಗಲಿಲ್ಲ. ಅವನ ನಗು ನಿಧಾನವಾಗಿ ಆರಿ, "ಪೋಲೆ, ಪೋಲೆ ಸಾನಾ," ಎಂದು ಕ್ಷಮೆ ಕೇಳಿ ಪೆಟ್ಟಿಗೆ ವಾಪಸು ತೆಗೆದುಕೊಂಡ. ಹಾಗೆ ಅವಳ ಕೈ ಖಾಲಿಯಾಯಿತು.

ಆ ನಾಲ್ಕು ದಿನ ನನ್ನ ಕೆಲಸದ ಬದುಕಿನಲ್ಲೇ ಬೇರೆ. ಮುಥೋನಿಗೆ ಮೊದಲು ನಿಲ್ಲಲು ಬರಲಿಲ್ಲ. "ಕೈ ಎಲ್ಲಿಡಲಿ ಮಾಮಾ?" ಎಂದು ಕೇಳುತ್ತಿದ್ದಳು. ಎಲ್ಲೂ ಇಡಬೇಡ ಅಂದೆ. ಒಟಿಯೆನೊ ಕ್ಯಾಮೆರಾ ಎತ್ತಿದರೆ ಅಭ್ಯಾಸ ಬಲದಿಂದ ತಾನಾಗಿ ಬೆನ್ನು ತಿರುಗಿಸುತ್ತಿದ್ದಳು, "ಅಯ್ಯೋ ತಾಯಿ, ಈ ಕಡೆ! ಈ ಕಡೆ!" ಎಂದು ಅವನು ಕೂಗುತ್ತಿದ್ದ. ಎರಡನೇ ದಿನ ಕಲ್ಲಿನ ಗಲ್ಲಿಯೊಂದರಲ್ಲಿ ಕತ್ತೆಯೊಂದು ಎದುರು ಬಂದು ದಾರಿ ಬಿಡದೆ ನಿಂತಿತು. ಅವಳು ಅದಕ್ಕೆ ಕಾಂಗೆಮಿಯ ಮಟಾಟು ಕಂಡಕ್ಟರನ ಭಾಷೆಯಲ್ಲಿ ಬೈದು, ತಿರುಗಿ ನಮ್ಮತ್ತ ನೋಡಿ ನಕ್ಕಳು. ಒಟಿಯೆನೊ ಹಿಡಿದ. ಬಿಳಿ ಲಿನನ್ ಉಡುಪು, ಮುಖದ ತುಂಬ ಬೆಳಕು, ಖಾಲಿ ಕೈಗಳು. ಕಿರಣನ ಗೋಡೆಗೆ ಹಾಕಬೇಕಾದ ಚಿತ್ರ ಇದು ಎಂದುಕೊಂಡೆ. ಮುಖದ ಚಿತ್ರಗಳನ್ನೆಲ್ಲ ಮುಂದಿಟ್ಟು, ಉಳಿದವನ್ನು ಕೊನೆಗೆ ಹಾಕಿ ಲಾಡ್ಜಿನವರಿಗೆ ಕಳಿಸಿದೆ.

ಆಯ್ಕೆಯ ಸಭೆ ವಿಡಿಯೊ ಕರೆಯ ಮೂಲಕ. ಲಾಡ್ಜಿನ ಪ್ರಚಾರದ ಮುಖ್ಯಸ್ಥ ದೂರದ ಊರಿನಲ್ಲಿ ಕುಳಿತಿದ್ದ, ಮೃದು ದನಿಯ ಮನುಷ್ಯ. ಎಲ್ಲ ಚಿತ್ರ ಅದ್ಭುತ ಅಂದ. ಕತ್ತೆಯ ಗಲ್ಲಿಯದನ್ನು ಬಹಳ ಹೊತ್ತು ನೋಡಿದ.

"ಹುಡುಗಿ ಚೆನ್ನಾಗಿದ್ದಾಳೆ. ಆದರೆ ನೋಡಿದವರು ನಮ್ಮ ಸಿಬ್ಬಂದಿ ಅಂದುಕೊಳ್ಳಬಹುದು. ಸ್ವಾಗತಕ್ಕೆ ನಿಂತವಳು ಅಂತ."

"ಅವಳ ಕೈಯಲ್ಲಿ ಏನೂ ಇಲ್ಲವಲ್ಲ," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಮುಂದೆ ಮುಂದೆ ಸರಿಸಿ ಕೊನೆಯ ಒಂದನ್ನು ಆರಿಸಿದ. ಹಾಯಿದೋಣಿಯ ಮೂತಿಯಲ್ಲಿ ನಿಂತ ಹೆಣ್ಣು, ಮುಳುಗುವ ಸೂರ್ಯನ ಎದುರು, ನಮಗೆ ಬೆನ್ನು. ಗಾಳಿಗೆ ಹಾರುವ ತಲೆವಸ್ತ್ರ. ಪೂರ್ತಿ ನೆರಳು. ಸೂರ್ಯನ ಎದುರು ನಿಂತ ನೆರಳಿನಲ್ಲಿ ಎಲ್ಲರೂ ಕಪ್ಪೇ. ಎಲಿಸ್ ನಿಂತಿದ್ದರೂ ಹಾಗೇ ಕಾಣುತ್ತಿದ್ದಳು.

"ಇದರಲ್ಲಿ ನೋಡುವವರು ತಮ್ಮನ್ನೇ ಕಲ್ಪಿಸಿಕೊಳ್ಳಬಹುದು," ಅಂದ.

"ಹೋದ ಸಲ ಎಲಿಸ್ ಮುಖ ಹಾಕಿದಿರಿ. ಕಲ್ಪಿಸಿಕೊಳ್ಳಲು ಯಾರಿಗೂ ಕಷ್ಟವಾದ ಹಾಗೆ ಕಾಣಲಿಲ್ಲ," ಅಂದೆ.

ಕಿರಣ್ ಕೈ ಚಾಚಿ ಮೈಕು ಬಂದ್ ಮಾಡಿದ. "ಮೇಡಂ, ಗೇಟ್ ಮುಚ್ಚೋ ಥರ ಮಾತಾಡ್ಬೇಡಿ. ಇದು ಏರ್‌ಪೋರ್ಟ್ ಅಲ್ಲ."

"ಮುಖ ಅಂತ ನೀನೇ ಹೇಳಿದ್ದು. ನಾನು ಅಲ್ಲೇ ಕೂತಿದ್ದೆ."

"ಹೇಳ್ದೆ. ಹೇಳಿದ್ದಕ್ಕೆ ಕಳಿಸ್ದೆ ತಾನೆ? ಆರ್ಸೋದು ಅವ್ರು. ಈ ಅಕೌಂಟ್ ಹೋದ್ರೆ ಒಟಿಯೆನೊ ಹೋಗ್ತಾನೆ, ನೀವ್ ಹೋಗ್ತೀರ, ನಾನ್ ಬಸವನಗುಡಿಗೆ ಹೋಗಿ ಇಡ್ಲಿ ಹೋಟ್ಲು ಇಡ್ತೀನಿ. ಹೆಸ್ರು ಹಾಕಿಸ್ತೀನಿ. ದೊಡ್ಡದಾಗಿ. ಅಷ್ಟಾದ್ರೂ ಮಾಡಿಸ್ತೀನಿ, ಬಿಡಿ."

ಅಷ್ಟನ್ನು ಮಾಡಿಸಿದ. ನಾನು ಮತ್ತೆರಡು ಸಲ ಆ ಮುಖ್ಯಸ್ಥನೊಂದಿಗೆ ಮಾತಾಡಿದೆ. ಎರಡು ಸಲವೂ ಅವನು ನನ್ನ ಮಾತಿಗೆ ಧನ್ಯವಾದ ಹೇಳಿದ. ಮೃದು ದನಿಯವರ ಜೊತೆ ಜಗಳವಾಡುವುದು ಕಲಿಯಿರಿ. ನನಗೆ ಅದು ಬರಲಿಲ್ಲ.

ಮುಥೋನಿಗೆ ಸುದ್ದಿ ಹೇಳಿದವಳು ನಾನೇ. ಅವಳು ಫೋನಿನಲ್ಲೇ ಕೇಳಿದಳು:

"ಸೂರ್ಯನ ಎದುರು ನಿಂತದ್ದಾ?"

"ಹೌದು."

"ಮಾಮಾ, ಅದು ಒಟಿಯೆನೊ ಬೆಳಕು ನೋಡಲು ತೆಗೆದದ್ದು. ಅದು ಟೆಸ್ಟ್ ಫ್ರೇಮ್."

ಮುಖದ ಚಿತ್ರಗಳನ್ನು ಅವಳು ತನ್ನ ಚಾನೆಲ್‌ನಲ್ಲಿ ಹಾಕಿಕೊಂಡಳು. ಅಲ್ಲಿ ಅವಳ ಮುಖ ಮೊದಲೂ ಇತ್ತು. ಬೇರೆ ಲಾಡ್ಜಿನವರು ಯಾರೂ ಕರೆಯಲಿಲ್ಲ. ಕರೆಯಲು ಬೋರ್ಡಿನಲ್ಲಿ ಅವರಿಗೆ ಯಾರು ಕಂಡಿದ್ದರು? ಅವಳು ಈಗ ಹರ್ಲಿಂಗ್‌ಹ್ಯಾಮ್‌ನ ಒಂದು ಬ್ಯಾಂಕಿನಲ್ಲಿದ್ದಾಳೆ. ನೀಲಿ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ. ಯಾವಾಗಲಾದರೂ ಹೋದರೆ ಗಾಜಿನ ಆಚೆಯಿಂದ ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ತಿರುವುತ್ತಾಳೆ. ಚಾನೆಲ್ ಇದೆ, ಹೊಸದೇನೂ ಇಲ್ಲ. ನಾನು ಅದಾಗಿ ಮೂರು ವರ್ಷಕ್ಕೆ ನಿವೃತ್ತಳಾದೆ. ಅಷ್ಟರಲ್ಲಿ ಗೋಡೆಯ ಮೇಲೆ ಕೈ ಖಾಲಿ ಇದ್ದ ಕಪ್ಪು ಹುಡುಗಿಯರು ಇಬ್ಬರೋ ಮೂವರೋ ಬಂದಿದ್ದರು, ಅಮೆರಿಕದಿಂದ ಬಂದವರು. ಕಾಂಗೆಮಿಯಿಂದ ಬಂದವಳು ಯಾರೂ ಇರಲಿಲ್ಲ. ಈಗ ಕಾಲ ಬದಲಾಗಿದೆ ಎಂದು ನೀವು ಹೇಳುತ್ತೀರಿ. ಆಗಿರಲಿ. ಚೌಕಟ್ಟಿನಲ್ಲಿ ಬೆಳಕು ನೋಡಲು ನೀವು ಯಾರನ್ನು ನಿಲ್ಲಿಸುತ್ತೀರಿ, ಆಮೇಲೆ ಯಾರನ್ನು ಇಳಿಸುತ್ತೀರಿ ಎಂಬುದನ್ನು ಮಾತ್ರ ಒಂದು ದಿನ ಗಮನಿಸಿ ನೋಡಿ.

ಲಾಮುವಿನ ಆ ಬೋರ್ಡು ನೋಡಲು ಹೋದ ದಿನದ್ದು ಒಂದು ಉಳಿದಿದೆ.

ಡಿಸೆಂಬರಿನ ಒಂದು ಭಾನುವಾರ. ಮುಥೋನಿ ತಾಯಿಗೆ ಏನೂ ಹೇಳಿರಲಿಲ್ಲ. ಬೋರ್ಡ್ ಬಂದಿದೆ, ಅದರಲ್ಲಿ ಅವಳ ಹೆಸರಿದೆ ಎಂದು ಚರ್ಚಿನಲ್ಲಿ ಯಾರೋ ಹೇಳಿಬಿಟ್ಟಿದ್ದರು. ತಾಯಿ ನೋಡಬೇಕು ಎಂದು ಹಟ ಹಿಡಿದರು. ಮಟಾಟುವಿನಲ್ಲಿ ಹೋದರೆ ನೋಡುವ ಮೊದಲೇ ದಾಟಿಹೋಗುತ್ತದೆ, ನಿಂತು ನೋಡಬೇಕು ಎಂದು ಮುಥೋನಿ ನನಗೆ ಫೋನ್ ಮಾಡಿದಳು. ನಾನು ಗಾಡಿ ತೆಗೆದುಕೊಂಡು ಹೋದೆ. ತಾಯಿ ಚರ್ಚಿನ ಉಡುಪಿನಲ್ಲೇ ಬಾಗಿಲಲ್ಲಿ ಕಾಯುತ್ತಿದ್ದರು: ನೇರಳೆ ಬಣ್ಣದ ಉದ್ದನೆಯ ಅಂಗಿ, ಅದೇ ಬಣ್ಣದ ಟೋಪಿ, ಒರೆಸಿ ಹೊಳಪು ತಂದ ಬೂಟು. ಮುಥೋನಿ ಹಿಂದಿನ ಸೀಟಿಗೆ ಹತ್ತಿದಳು.

ಕಾಂಗೆಮಿಯ ತಿರುವಿಗೆ ಸ್ವಲ್ಪ ಆಚೆ ರಸ್ತೆಯ ಬದಿ ನಿಲ್ಲಿಸಿದೆ. ತಾಯಿ ಇಳಿದು ಟೋಪಿ ಸರಿಮಾಡಿಕೊಂಡು ತಲೆಯೆತ್ತಿದರು. ಕಿತ್ತಳೆ ಬಣ್ಣದ ಸಮುದ್ರ, ದೋಣಿ, ನೆರಳು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಮುಥೋನಿ ಜೊತೆ ಲಾಮುವಿಗೆ ಬನ್ನಿ'. ಹೆಸರನ್ನು ತುಟಿ ಅಲುಗಿಸಿ ಓದಿದರು. ಮತ್ತೆ ಮೇಲೆ ನೋಡಿದರು.

"ನೀನೆಲ್ಲಿ?"

"ನಿ ಮಿಮಿ," ಅಂದಳು ಮುಥೋನಿ, ನೆರಳಿನ ಕಡೆ ಬೆರಳು ತೋರಿಸಿ.

ತಾಯಿ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಕೈಚೀಲವನ್ನು ಮಗಳ ಕೈಗೆ ಕೊಟ್ಟು ಬೋರ್ಡಿನ ಕಡೆ ನಡೆದರು. ಹಿಂದಿನ ದಿನ ಮಳೆಯಾಗಿತ್ತು. ಕೆಸರಿನಲ್ಲಿ ಆ ಹೊಳಪಿನ ಬೂಟು ಊರುತ್ತ, ಅಂಗಿಯನ್ನು ಸ್ವಲ್ಪ ಎತ್ತಿ ಹಿಡಿದು, ಕಬ್ಬಿಣದ ಕಂಬಗಳನ್ನು ಬಳಸಿ ಹೋರ್ಡಿಂಗಿನ ಹಿಂದಕ್ಕೆ ಹೋದರು. ಅಲ್ಲಿ ಹಳೆಯ ಬೂಟು ಮಾರುವವನೊಬ್ಬ ನೆರಳಲ್ಲಿ ಕುಳಿತಿದ್ದ. ಅವನು ಏನೋ ಕೇಳಿದ್ದು, ಅವರು ಮೇಲೆ ನೋಡುತ್ತಲೇ ನಿಂತದ್ದು ಕಂಬಗಳ ಸಂದಿನಲ್ಲಿ ಕಂಡಿತು. ಆ ಬದಿಯಲ್ಲಿ ಬರೀ ತಗಡಿನ ಹಾಳೆಗಳು, ಅಡ್ಡಪಟ್ಟಿಗಳು.

ನಿಧಾನವಾಗಿ ವಾಪಸು ಬಂದರು. ಹುಲ್ಲಿಗೆ ಬೂಟು ಒರೆಸಿದರು. ಮಗಳ ಕೈಯಿಂದ ಚೀಲ ತೆಗೆದುಕೊಂಡರು.

"ಆ ಕಡೆಯೂ ನೋಡಿದೆ," ಅಂದರು. "ಅಲ್ಲೂ ಮುಖ ಇಲ್ಲ."